ತೊಗಲು ಸವೆದರೂ ಹೆಸರು ಉಳಿಯಿತು

13ನೇ ಶತಮಾನದ ಸೋಮನಾಥಪುರ ದೇವಸ್ಥಾನದ ಎಷ್ಟೋ ವಿಗ್ರಹಗಳ ಕೆಳಗೆ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರು ಕೆತ್ತಿದ್ದಾರೆ. ಕಲ್ಲು ಉಳೀತು, ಹೆಸರೂ ಉಳೀತು. ಆದರೆ ಚಪ್ಪಲಿ, ಮಿಣಿ, ತಮಟೆ ಮಾಡಿದ ನಮ್ಮವರ ಹೆಸರೆಲ್ಲಿ? ತೊಗಲು ಸವೆದು ಹೋಗ್ತದೆ.

ಮಾದಾರ ಚೆನ್ನಯ್ಯ ಬೇರೆ ದಾರಿ ಹಿಡಿದರು. ಅವರು ಚೋಳನಾಡಿನವರು ಅಂತ ಹಿಂದಿನಿಂದ ಹೇಳ್ತಾರೆ. ಸಾಮಾನ್ಯವಾಗಿ ವಚನದ ಅಂಕಿತ ಅಂದ್ರೆ ಇಷ್ಟದೇವರ ಹೆಸರು. ಚೆನ್ನಯ್ಯನವರು ಅಲ್ಲಿಗೆ ಕೈಯುಳಿ, ಕತ್ತಿ, ಅಡಿಗೂಂಟ ಅನ್ನೋ ಕಸುಬಿನ ಸಾಮಾನುಗಳನ್ನೂ ತಂದರು. ಊರು ಮುಟ್ಟದ ಸಾಮಾನು ದೇವರ ಪಕ್ಕ ಕೂತಿತು. ಕುಲ ಅಳೆಯೋದು ಹುಟ್ಟಿನಿಂದಲ್ಲ, ನಡತೆಯಿಂದ ಅಂದರು. 12ನೇ ಶತಮಾನದಲ್ಲಿ ಬಿಜ್ಜಳನ ಮಂತ್ರಿಯಾಗಿದ್ದ ಬಸವಣ್ಣ ಅವರನ್ನು ಅಪ್ಪ ಅಂತ ಕರೆದರು.

ದಿಂಬಂ, ತಾಳವಾಡಿಯ ಗೆಳೆಯರೇ, ನಮ್ಮ ತಾತ, ಅಜ್ಜಿಯರ ಹೆಸರನ್ನೂ ಕೈಕೆಲಸವನ್ನೂ ಬೇರೆ ಯಾರೂ ಬರೆಯೋದಿಲ್ಲ. ನಾವೇ ಬರೆದಿಡೋಣ.