ಹಂಪನಕಟ್ಟೆಯ ಗಣಿತ ಮಾಸ್ಟ್ರು ಮತ್ತು ಊರಿನ ಕಂಪ್ಯೂಟರು

ಮಂಗಳೂರಿನ ಹಂಪನಕಟ್ಟೆಯಲ್ಲಿರುವ ಈಗಿನ ವಿಶ್ವವಿದ್ಯಾನಿಲಯ ಕಾಲೇಜು ಹಿಂದೆ ಸರಕಾರಿ ಕಾಲೇಜಾಗಿತ್ತು. 1917ರಲ್ಲಿ ಅಲ್ಲಿಗೆ ಗಣಿತ ಕಲಿಸಲು ಬಂದ ತರುಣ ಮಾಸ್ಟ್ರ ಹೆಸರು ಎಸ್.ಆರ್. ರಂಗನಾಥನ್. ಕೆಲವು ವರ್ಷ ಇಲ್ಲಿ ಪಾಠ ಮಾಡಿ ಹೊರಟ ಅವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕವನ್ನು ಬೀಗ ಹಾಕಿ ಕಾಯುವುದಕ್ಕಿಂತ ಓದುಗನ ಕೈಗೆ ಮುಟ್ಟಿಸುವುದೇ ದೊಡ್ಡ ಕೆಲಸ ಎಂಬುದು ಅವುಗಳ ತಿರುಳು. ಪುಸ್ತಕದ ಜಾಗದಲ್ಲಿ ಇಂಟರ್ನೆಟ್ ಎಂದು ಇಟ್ಟು ನೋಡಿದರೆ ಕಳೆದ ಮೂರು ದಶಕಗಳ ಕಥೆ ಅರ್ಥವಾಗುತ್ತದೆ.

ಓದನ್ನು ಜನರ ಬಳಿಗೆ ಒಯ್ಯುವ ಆಸೆ ಈ ಊರಿಗೆ ಹೊಸದಲ್ಲ. 1843ರ ಜುಲೈಯಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಇಲ್ಲಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಆದರೆ ಅಕ್ಷರ ಬಲ್ಲವರೇ ಕಡಿಮೆಯಿದ್ದ ಕಾಲವದು. ಒಬ್ಬ ಓದಿ ಹೇಳಿದರೆ ಮಾತ್ರ ಹತ್ತು ಜನಕ್ಕೆ ಸುದ್ದಿ. ಯಂತ್ರ ಬಂದರೂ ನಡುವೆ ಒಬ್ಬ ಮನುಷ್ಯ ಬೇಕು ಎಂಬ ಪಾಠ ಅಂದೇ ಸಿಕ್ಕಿತ್ತು.

1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ನಮ್ಮ ರಾಜ್ಯಕ್ಕೆ ಇನ್ನೊಂದು ದಾರಿ ತೋರಿತು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿದೆ. ಅಂದರೆ ಗ್ರಂಥಾಲಯ ಯಾರೋ ದಾನಿ ಕೊಟ್ಟದ್ದಲ್ಲ, ಊರಿನವರೇ ಹಣ ಕೊಟ್ಟು ನಡೆಸುವ ಮನೆ. ಅಲ್ಲಿ ಕುಳಿತುಕೊಳ್ಳಲು ಯಾರ ಅಪ್ಪಣೆಯೂ ಬೇಡ.

1995ರ ಆಗಸ್ಟ್ 15ರಂದು ಭಾರತದಲ್ಲಿ ಇಂಟರ್ನೆಟ್ ಜನಸಾಮಾನ್ಯರಿಗೆ ತೆರೆಯಿತು. ಅದು ಬೀದಿಗೆ ಇಳಿದದ್ದು ಗ್ರಂಥಾಲಯದ ಮೂಲಕ ಅಲ್ಲ, ಸೈಬರ್ ಕೆಫೆಗಳ ಮೂಲಕ. ಅಲ್ಲಿ ಗಂಟೆಗೆ ಇಷ್ಟು ಎಂದು ಬಾಡಿಗೆ ಕೊಡಬೇಕು. ಕೀಲಿಮಣೆಯ ಮೇಲೆಲ್ಲ ಇಂಗ್ಲಿಷ್ ಅಕ್ಷರ. ಎರಡನೆಯ ತೊಡಕನ್ನು ಬಿಡಿಸಿದವರಲ್ಲಿ ಮುಖ್ಯರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್. ಕನ್ನಡದ ಉಚ್ಚಾರಣೆಗೆ ಹೊಂದುವ ಕೀಲಿ ವಿನ್ಯಾಸ ರೂಪಿಸಿ, ಹಕ್ಕು ಕಾಯ್ದಿರಿಸದೆ ಎಲ್ಲರಿಗೂ ಬಿಟ್ಟುಕೊಟ್ಟರು. 'ನುಡಿ'ಯಲ್ಲಿ ಟೈಪು ಮಾಡುವ ವಿದ್ಯಾರ್ಥಿಯ ಬೆರಳು ಇಂದಿಗೂ ಆ ದಾರಿಯಲ್ಲೇ ಓಡುತ್ತದೆ. ಉಚಿತ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಅಷ್ಟರಲ್ಲಿ ಸಮುದಾಯ ಕಂಪ್ಯೂಟರ್ ಕೇಂದ್ರದ ಕಲ್ಪನೆ ಜಗತ್ತಿನಲ್ಲಿ ಹಳೆಯದಾಗಿತ್ತು. ಸ್ವೀಡನ್ನಿನ ವೆಮ್ಡಾಲೆನ್ ಎಂಬ ಹಳ್ಳಿಯಲ್ಲಿ 1985ರಲ್ಲೇ ಅಂಥದ್ದೊಂದು ಶುರುವಾಗಿತ್ತು. ಕರ್ನಾಟಕದಲ್ಲಿ ದೊಡ್ಡ ಹೆಜ್ಜೆ 'ಭೂಮಿ' ಯೋಜನೆ. 2001ರ ಹೊತ್ತಿಗೆ ತಾಲೂಕು ಕಚೇರಿಗಳಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗತೊಡಗಿತು. ಗ್ರಾಮ ಲೆಕ್ಕಿಗರ ಹಿಂದೆ ಅಲೆಯುತ್ತಿದ್ದ ರೈತನಿಗೆ ಅದು ಸಣ್ಣ ಬಿಡುಗಡೆಯಲ್ಲ. ಆದರೂ ಕಂಪ್ಯೂಟರು ಕಿಟಕಿಯ ಒಳಗಿತ್ತು, ರೈತ ಹೊರಗಿದ್ದ. ಅವನಿಗೆ ಕಾಗದ ಸಿಕ್ಕಿತು, ಕೀಲಿಮಣೆ ಸಿಗಲಿಲ್ಲ.

ಕಿಟಕಿಯ ಒಳಗೆ ಕರೆಯುವ ಕೆಲಸ ಕೊನೆಗೆ ಗ್ರಂಥಾಲಯಕ್ಕೇ ಬಂತು. 2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಕೊರೋನಾದಿಂದ ಶಾಲೆ ಮುಚ್ಚಿದ್ದ 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಆಮೇಲೆ ಒಂದೊಂದಾಗಿ ಕಂಪ್ಯೂಟರು, ಇಂಟರ್ನೆಟ್ ಬಂದವು. ಈಗ ಇವುಗಳ ಹೆಸರು 'ಅರಿವು ಕೇಂದ್ರ'.

ಎಲ್ಲರ ಕೈಯಲ್ಲೂ ಮೊಬೈಲು ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಮನೆಗೊಂದೇ ಫೋನು ಇದ್ದು, ಅದು ಅಪ್ಪನ ಜೊತೆ ಕೆಲಸಕ್ಕೆ ಹೋದರೆ ಮಗಳ ಪಾಠ ಏನಾಗಬೇಕು? ವಿದ್ಯಾರ್ಥಿವೇತನದ ಅರ್ಜಿಯನ್ನು ಅಂಗೈಯಗಲದ ಪರದೆಯಲ್ಲಿ ತುಂಬಿ ಸೋತವರು ಉತ್ತರ ಬಲ್ಲರು. ಅವರಿಗೆ ಬೇಕಾದದ್ದು ಮೇಜು, ದೊಡ್ಡ ಪರದೆ, ಪಕ್ಕದಲ್ಲಿ ನಿಂತು ಹೇಳಿಕೊಡುವ ಒಬ್ಬರು.

ಆ ಒಬ್ಬರೇ ಗ್ರಂಥಾಲಯದ ಮೇಲ್ವಿಚಾರಕರು. ವರ್ಷಗಟ್ಟಲೆ ಗೌರವಧನದಲ್ಲೇ ದುಡಿದವರು. ಕಂಪ್ಯೂಟರು ಕೊಂಡ ದಿನ ಫೋಟೋ ತೆಗೆಯುತ್ತೇವೆ, ಅದನ್ನು ದಿನವೂ ತೆರೆದಿಡುವವರನ್ನು ಮರೆಯುತ್ತೇವೆ. ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎಂದು ಹಂಪನಕಟ್ಟೆಯ ಮಾಸ್ಟ್ರು ನಂಬಿದ್ದರು. ಜೀವಿಗೆ ದಿನವೂ ಅನ್ನ ಬೇಕು. ಉದ್ಘಾಟನೆಯ ದಿನದ ಊಟ ಸಾಲದು.