ಇಂಗ್ಲೆಂಡಿನ ನ್ಯಾಸಪದ್ಧತಿಯೂ ಗುತ್ತಿಗೆಯ ಮರಗಾಡೂ

ಇಂಗ್ಲೆಂಡಿನ ನ್ಯಾಸಪದ್ಧತಿಯು ಪರೋಪಕಾರಕ್ಕಾಗಿಯೇ ಹುಟ್ಟಿತೆಂದು ಭಾವಿಸುವವರುಂಟು. ಒಡೆಯನಿಗೆ ಸಲ್ಲಬೇಕಾದ ತೆರಿಗೆ ಕಾಣಿಕೆಗಳಿಂದ ತಪ್ಪಿಸಿಕೊಳ್ಳುವ ಅಪೇಕ್ಷೆಯೂ ಅದರ ಬೆಳವಣಿಗೆಗೆ ಬಲವಾದ ಕಾರಣವಾಯಿತೆಂಬುದು ಆ ದೇಶದ ಶಾಸನಗಳಿಂದಲೇ ವಿದಿತವಾಗುತ್ತದೆ. ದಂಡಿನ ಸೇವೆಯ ಕರಾರಿನ ಮೇಲೆ ಭೂಮಿಯನ್ನು ಹಿಡಿದವನು ಮೃತನಾದರೆ ಅವನ ಉತ್ತರಾಧಿಕಾರಿಯು ಒಡೆಯನಿಗೆ ಕಾಣಿಕೆ ತೆರಬೇಕಾಗಿತ್ತು. ಅವನು ಅಪ್ರಾಪ್ತವಯಸ್ಕನಾಗಿದ್ದಲ್ಲಿ ಭೂಮಿಯ ಉತ್ಪತ್ತಿಯು ಒಡೆಯನ ಪಾಲಾಗುತ್ತಿತ್ತು. ಹುಡುಗನ ವಿವಾಹವನ್ನು ಹಣಕ್ಕೆ ಮಾರುವ ಹಕ್ಕು ಸಹ ಒಡೆಯನದೇ. ಇದರಿಂದ ಪಾರಾಗಲು ಮನೆತನದವರು ಭೂಮಿಯನ್ನು ಕೆಲವು ಮಂದಿ ಆಪ್ತರ ಹೆಸರಿಗೆ ಬರೆದು, ಅನುಭೋಗವನ್ನು ಮಾತ್ರ ತಾವು ಇಟ್ಟುಕೊಳ್ಳುತ್ತಿದ್ದರು. ಇದೇ ‘ಯೂಸ್’ ಎಂಬ ಏರ್ಪಾಡು. ಆಪ್ತರಲ್ಲೊಬ್ಬನು ಸತ್ತರೆ ಉಳಿದವರಿದ್ದರು. ಒಡೆತನಕ್ಕೆ ಸಾವಿಲ್ಲದಮೇಲೆ ಕಾಣಿಕೆ ಕೇಳುವುದೆಲ್ಲಿಂದ?

ಇದರಿಂದ ಎಲ್ಲರಿಗಿಂತಲೂ ಹೆಚ್ಚು ನಷ್ಟಪಟ್ಟವನು ದೊರೆ. 1533ರಲ್ಲಿ ಲಾರ್ಡ್ ಡೇಕರನು ಮೃತನಾದಾಗ ಉತ್ತರಾಧಿಕಾರಿಯಾದ ಮೊಮ್ಮಗನು ಇನ್ನೂ ಪ್ರಾಪ್ತವಯಸ್ಕನಾಗಿರಲಿಲ್ಲ. ಆಸ್ತಿಯು ಆಪ್ತರ ಹೆಸರಿನಲ್ಲಿತ್ತು. ಎಂಟನೆಯ ಹೆನ್ರಿಯು ವ್ಯಾಜ್ಯ ಹೂಡಿಸಿ 1535ರಲ್ಲಿ ಗೆದ್ದನು. ಮರುವರ್ಷವೇ, ಅನುಭೋಗಿಯೇ ನಿಜವಾದ ಒಡೆಯನೆಂಬ ‘ಯೂಸ್’ಗಳ ಶಾಸನವನ್ನು ಪಾರ್ಲಿಮೆಂಟಿನಿಂದ ಪಡೆದನು. ಅದೇ ವರ್ಷ ಬಂಡೆದ್ದ ಉತ್ತರ ಸೀಮೆಯವರ ಬೇಡಿಕೆಗಳಲ್ಲಿ ಈ ಶಾಸನದ ರದ್ದಿಯೂ ಒಂದಾಗಿತ್ತು. 1540ರಲ್ಲಿ ದೊರೆ ತುಸು ಬಗ್ಗಿ, ಇಂತಹ ಭೂಮಿಯ ಮೂರರಲ್ಲಿ ಎರಡು ಪಾಲನ್ನು ಮರಣಶಾಸನದಿಂದ ಕೊಡಲು ಒಪ್ಪಿದನು.

ಆದರೆ ಶಾಸನದಲ್ಲಿ ಒಂದು ಕಂಡಿ ಉಳಿದಿತ್ತು. ಅದು ಶಾಶ್ವತವಾದ ಅಥವಾ ಆಜೀವದ ಹಿಡುವಳಿಗೆ ಮಾತ್ರ ಅನ್ವಯಿಸುತ್ತಿತ್ತು. ವರ್ಷಗಣನೆಯ ಗುತ್ತಿಗೆಯು ಅಂತಹ ಹಿಡುವಳಿಯಲ್ಲ. ಆದುದರಿಂದ ದೀರ್ಘಾವಧಿಯ ಗುತ್ತಿಗೆಯನ್ನು ಆಪ್ತರ ವಶದಲ್ಲಿಟ್ಟರೆ ಅದಕ್ಕೆ ಶಾಸನವು ತಟ್ಟದೆಂದು 1580ರಲ್ಲಿ ನ್ಯಾಯಾಧಿಪತಿಗಳು ನಿರ್ಣಯಿಸಿದರು. 1660ರಲ್ಲಿ ದಂಡಿನ ಸೇವೆಯ ಹಿಡುವಳಿಯೇ ರದ್ದಾಯಿತು. ನ್ಯಾಸವು ಮಾತ್ರ ಉಳಿಯಿತು.

ಮರಗಾಡಿನ ವಿಷಯದಲ್ಲಿ ತೊಡಕು ಬೇರೆ. ಓಕ್, ಆಶ್, ಎಲ್ಮ್ ಮರಗಳನ್ನು ಗುತ್ತಿಗೆದಾರನು ಕಡಿದರೆ ಅದು ಭೂನಾಶ. 1278ರ ಗ್ಲಾಸ್ಟರ್ ಶಾಸನದಂತೆ ನೆಲವೂ ಹೋಗಿ, ನಷ್ಟದ ಮೂರರಷ್ಟು ದಂಡವೂ ಬೀಳುತ್ತಿತ್ತು. ಇದಕ್ಕಾಗಿ ಪತ್ರಗಳಲ್ಲಿ ‘ಭೂನಾಶದ ಹೊಣೆಯಿಲ್ಲದೆ’ ಎಂಬ ಮಾತನ್ನು ಸೇರಿಸತೊಡಗಿದರು; ಆ ಮಾತಿದ್ದವನಿಗೆ ಕಡಿದ ಮರವೂ ಸಲ್ಲುವುದೆಂದು 1615ರಲ್ಲಿ ತೀರ್ಪಾಯಿತು. ಇಂತಹ ಮಾತನ್ನೇ ನೆಚ್ಚಿ ಲಾರ್ಡ್ ಬಾರ್ನರ್ಡನು, ಮಗನ ಮೇಲಿನ ಮುನಿಸಿನಿಂದ, ಇನ್ನೂರು ಕೂಲಿಗಳನ್ನು ಕೂಡಿಸಿ ತಾನು ಆಜೀವ ಅನುಭೋಗಿಯಾಗಿದ್ದ ರೇಬಿ ಕೋಟೆಯ ಸೀಸ, ಕಬ್ಬಿಣ, ಗಾಜು, ಬಾಗಿಲುಗಳನ್ನೆಲ್ಲ ಕೆಲವೇ ದಿನಗಳಲ್ಲಿ ಕೀಳಿಸಿದನು. 1716ರಲ್ಲಿ ಚಾನ್ಸರಿ ನ್ಯಾಯಾಲಯವು ಅದನ್ನು ತಡೆದು, ಕೋಟೆಯನ್ನು ಮೊದಲಿನಂತೆ ಮಾಡಿಸಬೇಕೆಂದು ಆಜ್ಞಾಪಿಸಿತು. ಪತ್ರದ ಅಕ್ಷರವು ಅನುಭೋಗಿಗೆ ಕೊಟ್ಟುದನ್ನು ಧರ್ಮನ್ಯಾಯವು ಹಿಂದೆಗೆದುಕೊಂಡ ಈ ಪ್ರಕರಣವು ತರುವಾಯ ಮನೆಯ ಶೋಭೆಗಾಗಿ ಬೆಳೆಸಿದ ಮರಗಳ ರಕ್ಷಣೆಗೂ ಆಧಾರವಾಯಿತು.

1894ರಲ್ಲಿ ಮೃತರ ಆಸ್ತಿಯ ಮೇಲಿನ ಸುಂಕವು ಬಂದಾಗ ಹಳೆಯ ಹೋರಾಟವೇ ಮರಳಿತು. ಮರವು ಬೆಳೆಯಲು ಎರಡು ಮೂರು ತಲೆಮಾರು ಹಿಡಿಯುವುದು. ಸುಂಕ ತೆರಲು ಎಳೆಯ ಕಾಡನ್ನು ಕಡಿಯಬೇಕಾದರೆ ಸರ್ಕಾರಕ್ಕೂ ಲಾಭವಿಲ್ಲ. 1910ರ ಶಾಸನವು ನಿಂತ ಮರದ ಸುಂಕವನ್ನು ಅದು ಮಾರಾಟವಾಗುವವರೆಗೆ ಮುಂದೂಡಿತು. 1975ರಲ್ಲಿ ಆ ಸುಂಕವು ಹೋಗಿ ಬೇರೆ ತೆರಿಗೆ ಬಂದರೂ, ಮರದ ಮೇಲಿನ ತೆರಿಗೆಯನ್ನು ಮುಂದೂಡುವ ಸೌಲಭ್ಯವು 1984ರ ಶಾಸನದಲ್ಲಿಯೂ ಉಳಿದುಬಂದಿದೆ.