ಹಿಡಿ ಕಾಳು, ಹತ್ತು ಟಿಕೆಟು

ವಾಶಿಯ ಕರ್ಮವೀರ ಭಾವುರಾವ್ ಪಾಟೀಲ್ ಕಾಲೇಜಿನ ಹೆಸರು ನವೀ ಮುಂಬಯಿಯಲ್ಲಿರುವ ನಮ್ಮವರಿಗೆಲ್ಲ ಗೊತ್ತು. ಆ ಹೆಸರಿನ ಹಿಂದಿರುವ ಮನುಷ್ಯ ಯಾರೆಂದು ಕೇಳಿದರೆ, ಯಾರೋ ಮರಾಠಿ ಸಮಾಜ ಸುಧಾರಕರಿರಬೇಕು ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಆದರೆ ಅವರ ಪೂರ್ವಿಕರು ಮೂಡಬಿದಿರೆಯ ಕಡೆಯಿಂದ ಹೋಗಿ ನೆಲೆಸಿದ ಜೈನ ಮನೆತನದವರೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ೧೮೮೭ರಲ್ಲಿ ಅವರು ಹುಟ್ಟಿದ್ದು ಕೊಲ್ಹಾಪುರದ ಕಡೆಯ ಕುಂಭೋಜದಲ್ಲಿ. ಹಾಗೆಂದು ಅವರನ್ನು ನಮ್ಮವರೆಂದು ಎಳೆದುಕೊಳ್ಳಲು ನಾವು ಹೊರಟಿಲ್ಲ. ಬಡ ಹುಡುಗರ ಓದಿಗಾಗಿ ಅವರು ಕೂಡಿಸಿದ ನಿಧಿಯ ಬಗೆ ಮುಂಬಯಿಯ ನಮ್ಮ ರಾತ್ರಿಶಾಲೆಗಳ ಕಥೆಗೆ ಬಹಳ ಹತ್ತಿರದ್ದು. ಅದಕ್ಕಾಗಿ ಇಲ್ಲಿ ನೆನೆಯುತ್ತಿದ್ದೇವೆ.

ಹಿಂದಿನ ಕಾಲದಲ್ಲಿ ಬಡ ಹುಡುಗನೊಬ್ಬ ಪಟ್ಟಣಕ್ಕೆ ಓದಲು ಬಂದರೆ ಇದ್ದ ದಾರಿ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹೀಗೆ ಏಳು ಮನೆ ಹಿಡಿದರೆ ವಿದ್ಯಾಭ್ಯಾಸ. ಯಾವುದಾದರೂ ಮನೆಯಲ್ಲಿ ಸೂತಕವೋ, ಮನೆಯವರ ಊರಿನ ಪ್ರಯಾಣವೋ ಬಂದರೆ ಆ ದಿನ ಹುಡುಗನಿಗೆ ಏಕಾದಶಿ. ಇದರಿಂದ ದೊಡ್ಡವರಾದವರು ಬಹಳ ಜನ, ಒಪ್ಪುತ್ತೇವೆ. ಆದರೆ ಬಹುಮಟ್ಟಿಗೆ ಬಾಗಿಲು ತೆರೆಯುತ್ತಿದ್ದುದು ಜಾತಿ ನೋಡಿ. ಪಟ್ಟಣದಲ್ಲಿ ತನ್ನ ಜಾತಿಯ ಅನುಕೂಲಸ್ಥರೇ ಇಲ್ಲದ ಹುಡುಗ ಯಾವ ಮನೆಯ ಮೆಟ್ಟಿಲು ಹತ್ತಬೇಕಿತ್ತು?

ಭಾವುರಾಯರು ೧೯೧೯ರಲ್ಲಿ ಕರಾಡದ ಹತ್ತಿರದ ಕಾಲೆ ಎಂಬ ಹಳ್ಳಿಯಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿ, ೧೯೨೪ರಲ್ಲಿ ಸಾತಾರಕ್ಕೆ ತಂದರು. ಅಲ್ಲಿಯ ವಸತಿಗೃಹದಲ್ಲಿ ಎಲ್ಲ ಜಾತಿಯ ಹುಡುಗರಿಗೂ ಒಂದೇ ಅಡಿಗೆ, ಒಂದೇ ಪಂಕ್ತಿ. ೧೯೨೭ರಲ್ಲಿ ಗಾಂಧೀಜಿ ಬಂದು ಅದಕ್ಕೆ ಛತ್ರಪತಿ ಶಾಹು ಮಹಾರಾಜರ ಹೆಸರಿಟ್ಟರು. ಇಂಥ ಪಂಕ್ತಿಗೆ ದೊಡ್ಡ ದೊಡ್ಡ ದಾನಿಗಳು ಸಾಲುಗಟ್ಟಿ ಬರುವ ಕಾಲವಲ್ಲ ಅದು. ಆಗ ಕೈಹಿಡಿದ ಉಪಾಯಗಳಲ್ಲಿ ಒಂದು ಮುಷ್ಟಿ ಫಂಡು. ಮನೆಯ ಹೆಂಗಸು ಕಾಳು ಬೀಸುವ ಮೊದಲು ಒಂದು ಹಿಡಿ ತೆಗೆದು ಬೇರೆ ಇಡಬೇಕು, ಹಾಗೆ ಕೂಡಿದ್ದನ್ನು ಹುಡುಗರ ಊಟಕ್ಕೆ ಒಪ್ಪಿಸಬೇಕು. ಇಷ್ಟೇ.

ಕೇಳಲು ಮಕ್ಕಳಾಟದಂತಿದೆ. ಆದರೆ ಇದರೊಳಗಿನ ಜಾಣತನ ನೋಡಿ. ರೈತನ ಮನೆಯಲ್ಲಿ ರೊಕ್ಕ ಕಾಣುವುದೇ ಸುಗ್ಗಿಯಲ್ಲಿ, ಅದೂ ಗಂಡಸಿನ ಕೈಯಲ್ಲಿ. ಕಾಳಿನ ಗಡಿಗೆ ಮಾತ್ರ ವರ್ಷವಿಡೀ ಹೆಂಗಸಿನ ಕೈಯಲ್ಲಿ. ಯಾರನ್ನೂ ಕೇಳದೆ ಅವಳು ಕೊಡಬಹುದಾದದ್ದು ಆ ಒಂದು ಹಿಡಿ. ಹಾಗೆ ಕೊಟ್ಟವರ ಹೆಸರು ಯಾವ ಅಮೃತಶಿಲೆಯ ಫಲಕದ ಮೇಲೂ ಇಲ್ಲ.

ಹಿಡಿ ಕಾಳು ಸಾಲದ ದಿನಗಳೂ ಬಂದವು. ಭಾವುರಾಯರ ಪತ್ನಿ ಲಕ್ಷ್ಮೀಬಾಯಿಯವರ ಒಡವೆಗಳು ಹುಡುಗರ ಊಟಕ್ಕೆಂದು ಒಂದೊಂದಾಗಿ ಹೋದವು. ಕೊನೆಗೆ ಪತಿ ಊರಿನಲ್ಲಿಲ್ಲದಾಗ ಉಗ್ರಾಣ ಬರಿದಾಗಲು ಆಕೆ ಮಂಗಳಸೂತ್ರವನ್ನೇ ಕೊಟ್ಟರು. ೧೯೩೦ರಲ್ಲಿ ತೀರಿಕೊಂಡರು. ಈ ಪ್ರಸಂಗವನ್ನು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ನಮಗೆ ಮಾತ್ರ ಅದನ್ನು ಕೇಳಿದಾಗಲೆಲ್ಲ ಸಂಕಟವೇ ಆಗುತ್ತದೆ. ಒಂದು ಊರಿನ ಹುಡುಗರ ಊಟ ಒಬ್ಬ ಹೆಂಗಸಿನ ಕೊರಳಿಗೆ ಬಂದು ನಿಲ್ಲಬಾರದಿತ್ತು. ಮುಂದೆ ವಿದ್ಯಾರ್ಥಿಗಳಿಗೆ ಸಾಲ ಕೊಡುವ ಸಹಕಾರಿ ಪತ್‌ಪೇಢಿಯೊಂದು ಸಂಸ್ಥೆಯಲ್ಲಿ ಆಕೆಯ ಹೆಸರಿನಲ್ಲೇ ಹುಟ್ಟಿತೆಂಬುದು ತಕ್ಕ ಮಾತು.

ಇನ್ನು ಮುಂಬಯಿಗೆ ಬರೋಣ. ಇಲ್ಲಿ ಮುಷ್ಟಿ ಫಂಡು ನಡೆಯುವಂತಿರಲಿಲ್ಲ. ನಮ್ಮವರಲ್ಲಿ ಬಹಳ ಮಂದಿಗೆ ಅಡಿಗೆಮನೆಯೇ ಇರಲಿಲ್ಲವಲ್ಲ! ಹೊಟೇಲಿನಲ್ಲಿ ದುಡಿದು, ಅಲ್ಲೇ ಉಂಡು, ಬಾಗಿಲು ಹಾಕಿದ ಮೇಲೆ ಅಲ್ಲೇ ಚಾಪೆ ಬಿಡಿಸುತ್ತಿದ್ದ ಹುಡುಗರು. ೧೯೦೨ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತು. ಅನಂತರ ಬೇರೆ ಬೇರೆ ಸಮಾಜಗಳ ಸಂಘಗಳು ಎದ್ದವು. ಇವುಗಳ ಆಸರೆಯಲ್ಲಿ ಕನ್ನಡ ರಾತ್ರಿಶಾಲೆಗಳು ನಡೆದವು. ಹಣಕ್ಕೆ ಏನು ಮಾಡುವುದು? ಕಾಳಿಲ್ಲದ ಊರಿನಲ್ಲಿ ವೇಷ ಕಟ್ಟಿದರು. ಸಹಾಯಾರ್ಥ ನಾಟಕ, ಸಹಾಯಾರ್ಥ ಯಕ್ಷಗಾನ.

ಇದನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಟಿಕೆಟಿನ ಪುಸ್ತಕ ಹಿಡಿದು ಮೊದಲು ಹೋಗುವುದು ಹೊಟೇಲಿನ ಗಲ್ಲಕ್ಕೆ. ಧಣಿಗಳು "ಮೊನ್ನೆಯಷ್ಟೇ ಕೊಟ್ಟೆನಲ್ಲ ಮಾರಾಯರೇ" ಎಂದು ಗೊಣಗುತ್ತಲೇ ಹತ್ತು ಟಿಕೆಟು ಹರಿಸಿಕೊಂಡು, ಕೆಲಸದ ಹುಡುಗರಿಗೆ ಹಂಚುವರು. ಶಾಲೆಯ ಗಣಿತದ ಮಾಸ್ತರರು ರಂಗದ ಮೇಲೆ ಕೌರವನಾಗಿ ಗದೆ ತಿರುಗಿಸುವಾಗ ಅವರ ಶಿಷ್ಯರೇ ಮುಂದಿನ ಸಾಲಿನಲ್ಲಿ. ಸ್ಮರಣ ಸಂಚಿಕೆಯ ಜಾಹೀರಾತಿನ ದುಡ್ಡು ಬೇರೆ. ೧೯೨೩ರ ಮನರಂಜನಾ ಕರದ ಕಾಯಿದೆಯಲ್ಲಿ ಧರ್ಮಾರ್ಥ ಪ್ರದರ್ಶನಗಳಿಗೆ ವಿನಾಯಿತಿ ಕೇಳಲು ಅವಕಾಶವಿತ್ತು. ಅದನ್ನು ಪಡೆಯಲು ಕಚೇರಿಗಳಿಗೆ ಅಲೆದ ಕಾರ್ಯದರ್ಶಿಗಳ ಚಪ್ಪಲಿಯ ಖರ್ಚನ್ನು ಯಾರೂ ಬರೆದಿಡಲಿಲ್ಲ.

ಹಾಲಿನ ಬಾಡಿಗೆ, ದೀಪ, ಬಣ್ಣ, ಚಹ ಎಲ್ಲ ಕಳೆದು ಉಳಿದದ್ದು ಯಾತಕ್ಕೆ? ರಾತ್ರಿಶಾಲೆಯಲ್ಲಿ ಶುಲ್ಕದ ಕಾಟ ಕಡಿಮೆ. ಹುಡುಗನ ಓದು ನಿಲ್ಲುತ್ತಿದ್ದುದು ಬೇರೆ ಕಾರಣಕ್ಕೆ. ಎಸ್.ಎಸ್.ಸಿ. ಪರೀಕ್ಷೆಯ ಫಾರ್ಮು ತುಂಬುವ ವಾರವೇ ಊರಿನಿಂದ ತಾಯಿಗೆ ಕಾಯಿಲೆಯೆಂಬ ಕಾಗದ ಬರುವುದು. ಹೊಟೇಲಿನ ಕೆಲಸ ಹೋದರೆ ಸಂಬಳದ ಜೊತೆಗೆ ಊಟವೂ ಹೋಯಿತು, ಮಲಗುವ ಜಾಗವೂ ಹೋಯಿತು. ಇಂಥ ಹೊತ್ತಿಗೆ ಬೇಕಾದದ್ದು ದೊಡ್ಡ ಮೊತ್ತವಲ್ಲ, ಆ ಸಂಜೆಯೇ ಸಿಗುವ ಮೊತ್ತ.

ಇಂದು ನಮ್ಮ ಸಂಘಗಳು ಕೊಡುವ ವಿದ್ಯಾರ್ಥಿವೇತನಕ್ಕೆ ಅಂಕಪಟ್ಟಿ ಬೇಕು, ಅರ್ಜಿ ಬೇಕು, ವಾರ್ಷಿಕೋತ್ಸವದ ತನಕ ಕಾಯಬೇಕು. ಶಾಲು ಹೊದಿಸಿ ಫೋಟೋ ತೆಗೆಸಿ ಕೊಡುವ ಆ ಲಕೋಟೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಜುಲೈ ಮಳೆಯಲ್ಲಿ ಚಾಳಿನ ಕೋಣೆಗೆ ನೀರು ನುಗ್ಗಿ ಪುಸ್ತಕ ತೊಯ್ದ ಹುಡುಗಿ ಡಿಸೆಂಬರಿನ ಸಮಾರಂಭದ ತನಕ ಏನು ಓದಬೇಕು?

ಕನ್ನಡ ರಾತ್ರಿಶಾಲೆಗಳು ಬಹುಪಾಲು ಮುಚ್ಚಿವೆ. ಮನರಂಜನಾ ಕರವೂ ೨೦೧೭ರಲ್ಲಿ ಜಿ.ಎಸ್.ಟಿ.ಯಲ್ಲಿ ಕರಗಿತು. ಆ ಕಾಲದ ಟಿಕೆಟು, ಹ್ಯಾಂಡ್‌ಬಿಲ್ಲು, ಖರ್ಚಿನ ಚೀಟಿಗಳು ಯಾರ ಮನೆಯ ಟ್ರಂಕಿನಲ್ಲಾದರೂ ಉಳಿದಿದ್ದರೆ, ರದ್ದಿಯವನಿಗೆ ಹಾಕುವ ಮೊದಲು ದಯವಿಟ್ಟು ಒಮ್ಮೆ ಸಂಘದ ಕಚೇರಿಗೆ ತಂದು ತೋರಿಸಿ.